ಅಂಗಿ ಮ್ಯಾಲಿನ ಹೆಸರು ಓದಬ್ಯಾಡ್ರಿ, ಅಂಗಿ ತಿರುವಿ ಹಾಕಿ ನೋಡ್ರಿ



ಈ ಸಲ ಗೊಬ್ಬರ, ಧಾರಣಿ, ಕಬ್ಬಿನ ಬಿಲ್ಲು ಯಾವುದೂ ಇಲ್ಲ. ನಾವು ಮೈಮ್ಯಾಲ ಹಾಕ್ಕೊಂಡು ಹೊಲಕ್ಕ ಹೋಗೋ ಬಟ್ಟಿ ಬಗ್ಗೆ ಬರೀತೀನಿ. ಇದೇನು ಬರೆಯೋ ವಿಷಯ ಅಂತ ನಗಬ್ಯಾಡ್ರಿ. ಎತ್ತು ಕೊಳ್ಳಾಕ ಹೋದ್ರ ಹಲ್ಲು ನೋಡ್ತೀವಿ, ಸುಳಿ ನೋಡ್ತೀವಿ, ನಾಲ್ಕು ಹೆಜ್ಜಿ ನಡಿಸಿ ನೋಡ್ತೀವಿ. ಬಟ್ಟಿ ಕೊಳ್ಳಾಕ ಹೋದ್ರ ಎದಿ ಮ್ಯಾಲಿನ ಚಿತ್ರ ನೋಡಿ ರೊಕ್ಕ ಎಣಿಸಿ ಕೊಟ್ಟು ಬರ್ತೀವಿ. ಇದರ ಮ್ಯಾಲೇ ನನ್ನ ಜಗಳ.

ನಮ್ಮ ಕಡೆ ಈಗ ಮೂರು ನಮೂನಿ ಬಟ್ಟಿ ಓಡ್ಯಾಡಾಕತ್ತಾವ. ಒಂದು, ಹುಡುಗರು ಹಾಕ್ಕೊಳ್ಳೋ ಬ್ರಾಂಡಿನ ಜಾಕೀಟು, ಟ್ರ್ಯಾಕ್ ಪ್ಯಾಂಟು. ಇದರಾಗ ಅಸಲಿ ಎಷ್ಟು, ರಸ್ತೆ ಬದಿ ಹಗ್ಗಕ್ಕ ನೇತು ಹಾಕಿದ್ದು ಎಷ್ಟು ಅನ್ನೋದು ನಿಮಗೂ ಗೊತ್ತೈತಿ. ಎರಡು, ಬೀಜದ ಕಂಪನಿ, ಔಷಧ ಕಂಪನಿಯವರು ಮೀಟಿಂಗ್ ಮಾಡಿ ಪುಕ್ಕಟೆ ಹಂಚೋ ಟೀ ಶರ್ಟು, ಟೊಪಿಗಿ. ಮೂರು, ಮನ್ಯಾಗ ಹಳೇದಾದ ಟೆರಿಕಾಟ್ ಅಂಗಿ, ಮದುವಿಗೆ ಹೊಲಿಸಿದ್ದು, ಕಾಲರ ಹರಿದ ಮ್ಯಾಲ ಹೊಲಕ್ಕ ಇಳಿದದ್ದು.

ಈ ಮೂರರಾಗ ಒಂದೂ ಹೊಲದ ಕೆಲಸಕ್ಕಂತ ಮಾಡಿದ್ದಲ್ಲ. ಇದನ್ನ ನೀವು ಯಾವತ್ತಾದ್ರೂ ವಿಚಾರ ಮಾಡೀರೇನು?

ಹೊರಗಿನ ದೇಶದಾಗ ಬರೇ ಗಾಳ ಹಾಕಿ ಮೀನು ಹಿಡಿಯೋ ಹವ್ಯಾಸಕ್ಕ ಬ್ಯಾರೇ ಅಂಗಿ ಐತಿ. ಕೊಲಂಬಿಯಾ ಅಂತ ಅಮೆರಿಕಾದ ಕಂಪನಿ, ಅದು ಮೀನು ಹಿಡಿಯೋರಿಗಂತಲೇ ಬಟ್ಟಿ ಮಾಡತೈತಿ. ಡೆಕಾಥ್ಲಾನ್ ಅನ್ನೋ ಫ್ರಾನ್ಸಿನ ಕಂಪನಿ ಗುಡ್ಡ ಹತ್ತೋರಿಗೆ ಕೆಚುವಾ, ಮೀನು ಹಿಡಿಯೋರಿಗೆ ಕ್ಯಾಪರ್ಲಾನ್ ಅಂತ ಬ್ಯಾರೆ ಬ್ಯಾರೆ ಹೆಸರಿಟ್ಟು ಮಾರತೈತಿ. ನಮ್ಮ ಬೆಂಗಳೂರಿನ ವೈಲ್ಡ್‌ಕ್ರಾಫ್ಟ್ ಚಾರಣದವರಿಗೆ ಚೀಲ, ಜಾಕೀಟು ಮಾಡತೈತಿ. ಭಾನುವಾರ ಒಂದು ದಿನ ಬಿಸಿಲಾಗ ನಿಲ್ಲೋನಿಗೆ ಇಷ್ಟೆಲ್ಲಾ ಐತಿ. ಹಿಪ್ಪರಗಿ ಬ್ಯಾರೇಜಿನ ಹಿನ್ನೀರಾಗ ದಿನಾ ಬಲಿ ಎಳಿಯೋ ನಮ್ಮ ಅಂಬಿಗರ ಮೈಮ್ಯಾಲ ಏನೈತಿ? ಒಂದು ಬನಿಯನ್ನು, ಒಂದು ಚಡ್ಡಿ. ವರ್ಷಾನುಗಟ್ಟಲೆ ಬಿಸಿಲಾಗ ನಿಲ್ಲೋ ನಮಗ ಏನೈತಿ? ಔಷಧ ಕಂಪನಿ ಟೀ ಶರ್ಟು.

ಹಂಗಂತ ಬ್ರಾಂಡು ಎಲ್ಲಾ ಮೋಸ ಅಂತ ನಾನು ಹೇಳೋದಿಲ್ಲ. ಹಂಗ ಹೇಳಿದ್ರ ಅದೂ ಸುಳ್ಳಾಗತೈತಿ. ಆ ಮೀನಿನ ಅಂಗಿ ತಗೊಂಡು ನೋಡ್ರಿ. ಬೆನ್ನಿನ ಮ್ಯಾಲ ಅಡ್ಡ ಸೀಳು ಬಿಟ್ಟು ಗಾಳಿ ಆಡಾಕ ಹಾದಿ ಮಾಡ್ಯಾರ. ತೋಳು ಮಡಚಿ ಗುಂಡಿ ಹಾಕಾಕ ಪಟ್ಟಿ ಕೊಟ್ಟಾರ. ಕುತ್ತಿಗಿ ಸುಡಬಾರದಂತ ಎತ್ತರದ ಕಾಲರ. ಇದು ಬುದ್ಧಿ. ಆದ್ರ ಈ ಬುದ್ಧಿಗೆ ಪೇಟೆಂಟ್ ರೊಕ್ಕ ಕೊಡಬೇಕಿಲ್ಲ, ನಮ್ಮೂರ ಸಿಂಪಿಗ ಅರ್ಧ ದಿನದಾಗ ಹೊಲಿದು ಕೊಡ್ತಾನ.

ಜೀನ್ಸ್ ಪ್ಯಾಂಟಿನ ಕಥಿ ಗೊತ್ತೈತಲ್ಲ? 1873ರಾಗ ಅಮೆರಿಕಾದ ಲೆವಿ ಸ್ಟ್ರಾಸ್, ಜೇಕಬ್ ಡೇವಿಸ್ ಅನ್ನೋ ಇಬ್ಬರು ಕೂಡಿ ಬಕ್ಕಣದ ಮೂಲಿಗೆ ತಾಮ್ರದ ಮೊಳಿ ಹೊಡಿಯೋದಕ್ಕ ಪೇಟೆಂಟ್ ತಗೊಂಡರು. ಯಾಕ? ಕೂಲಿ ಮಾಡೋರ ಪ್ಯಾಂಟು ಅಲ್ಲೇ ಹರೀತಿತ್ತು. ಡಂಗರಿ ಅಂತ ಕೇಳಿರಬೇಕು, ಆ ಹೆಸರು ಬಂದದ್ದು ನಮ್ಮ ಮುಂಬೈನ ಡೋಂಗ್ರಿಯ ದಪ್ಪ ಬಟ್ಟಿಯಿಂದ. ಕೂಲಿಕಾರರಿಗಂತ ಹುಟ್ಟಿದ ಬಟ್ಟಿ ಇವತ್ತು ಕಾಲೇಜಿಗೆ ಹೋಗೈತಿ, ಅದೂ ಮಂಡಿ ಹರಿದದ್ದಕ್ಕ ಜಾಸ್ತಿ ರೊಕ್ಕ. ಕೂಲಿಕಾರ ಮಾತ್ರ ಜಾಳು ಬಟ್ಟಿ ಹಾಕ್ಕೊಂಡು ಹೊಲದಾಗ ಉಳದಾನ.

ಈಗ ಬೆಲಿ ಲೆಕ್ಕಕ್ಕ ಬರೋಣು. ಅಂಗಡ್ಯಾಗ ಹೇಳಿದ್ದು ಬೆಲಿ ಅಲ್ಲ. ಎಷ್ಟು ದಿನ ಬಾಳಿತು ಅನ್ನೋದರಿಂದ ಭಾಗಿಸಿದ್ರ ಬರೋದು ಬೆಲಿ. 300 ರೂಪಾಯಿ ರೇನ್ ಕೋಟು 15 ದಿನದಾಗ ಕಂಕುಳ ಹರಕೊಂಡ್ರ ದಿನಕ್ಕ 20 ರೂಪಾಯಿ ಬಿತ್ತು. 1200 ರೂಪಾಯಿದು ನಾಲ್ಕು ಮಳಿಗಾಲ ಸೇರಿ 120 ದಿನ ಬಂದ್ರ ದಿನಕ್ಕ 10 ರೂಪಾಯಿ. ಇಲ್ಲಿ ತುಟ್ಟಿದೇ ಸಸ್ತಾ. 2500 ರೂಪಾಯಿ ಜಾಕೀಟು ವರ್ಷಕ್ಕ 20 ದಿನದಂಗ ನಾಲ್ಕು ವರ್ಷ ಹಾಕಿದ್ರ ದಿನಕ್ಕ 31 ರೂಪಾಯಿ ಮ್ಯಾಲ ಆತು. 600 ರೂಪಾಯಿಗೆ ದಪ್ಪ ಹತ್ತಿ ಬಟ್ಟಿ ತಂದು ಹೊಲಿಸಿದ ಅಂಗಿ 200 ದಿನ ಬಂದ್ರ ದಿನಕ್ಕ 3 ರೂಪಾಯಿ. ಟ್ರ್ಯಾಕ್ಟರ್ ಡೀಸೆಲ್ ಲೆಕ್ಕ ಇಡೋ ನಮಗ ಈ ಲೆಕ್ಕ ಬಾರದಂಗ ಆಗೈತೇನು?

ಇನ್ನ ಅಂಗಡ್ಯಾಗ ನಿಂತು ಪರೀಕ್ಷಾ ಮಾಡೋದು ಹೆಂಗ? ನಾನು ಮಾಡೋದು ಹೇಳ್ತೀನಿ.

1) ಬಟ್ಟಿ ತಿರುವಿ ಹಾಕ್ರಿ. ಒಳಗಿನ ಹೊಲಿಗಿ ನೋಡ್ರಿ. ಬಟ್ಟಿ ಅಂಚು ಮಡಚಿ ಎರಡು ಸಾಲು ಹೊಲಿಗಿ ಇದ್ರ ಬಾಳತೈತಿ. ಒಂದೇ ಸಾಲು, ಅಂಚಿಗೆ ದಾರ ಜೋತು ಬಿದ್ದಿದ್ರ ಕೆಳಗಿಡ್ರಿ. ಒಂದು ಇಂಚಿನಾಗ ಹೊಲಿಗಿ ಎಣಿಸ್ರಿ, ಎಂಟರ ಕೆಳಗಿದ್ರ ಕೆಲಸದ ಬಟ್ಟಿ ಅಲ್ಲ.

2) ಬಿಸಿಲಿಗೆ ಹಿಡೀರಿ. ಬೆಳಕು ಜರಡಿಯಾಗ ಬಂದಂಗ ಬಂದ್ರ ಬಿಸಿಲೂ ಹಂಗೇ ಬರತೈತಿ. ಕೆಲವು ಬ್ರಾಂಡಿನ ಚೀಟಿ ಮ್ಯಾಲ ಯುಪಿಎಫ್ 50 ಅಂತ ಬರದಿರತೈತಿ. ಅಂದ್ರ ಸುಡೋ ಅತಿನೇರಳೆ ಕಿರಣದ 50 ಪಾಲಿನಾಗ ಒಂದು ಪಾಲು ಮಾತ್ರ ಒಳಗ ಬಿಡತೈತಿ ಅಂತ ಅರ್ಥ. ತೆಳ್ಳನ ಬಿಳಿ ಬನಿಯನ್ನು ಅದರ ಹತ್ತಿರಕ್ಕೂ ಬರೋದಿಲ್ಲ. ಒತ್ತಾಗಿ ನೇಯ್ದ ದಪ್ಪ ಬಣ್ಣದ ಬಟ್ಟಿ ಚೀಟಿ ಇಲ್ಲದನೂ ಚಲೋ ತಡೀತೈತಿ.

3) ಒಳ ಅಂಚಿನ ಒಂದು ಎಳಿ ಕೇಳಿ ತಗೊಂಡು ಹೊರಗ ಬಂದು ಸುಡ್ರಿ. ಹತ್ತಿ ಆದ್ರ ಕಾಗದ ಸುಟ್ಟ ವಾಸನಿ, ಮೆತ್ತನ ಬೂದಿ. ಉಣ್ಣಿ ಆದ್ರ ಕೂದಲ ಸುಟ್ಟ ವಾಸನಿ. ಪಾಲಿಯೆಸ್ಟರ್ ಆದ್ರ ಕರಗಿ ಗಟ್ಟಿ ಮಣಿ ಆಗತೈತಿ. ಆ ಮಣಿ ನೆನಪಿಟ್ಕೊಳ್ರಿ. ರವದಿಗೆ ಬೆಂಕಿ ಹಚ್ಚುವಾಗ, ಗಾಣದ ಒಲಿ ಮುಂದ ಕುಂತಾಗ ಕಿಡಿ ಬಿದ್ರ ಆ ಬಟ್ಟಿ ಚರ್ಮಕ್ಕ ಅಂಟಿಕೊಂಡು ಕರಗತೈತಿ. ಒಲಿ ಮುಂದ ಹತ್ತಿ ಬಟ್ಟಿನೇ ಹಾಕ್ರಿ.

4) ರೇನ್ ಕೋಟು ಆದ್ರ ಒಳಗ ಹೊಲಿಗಿ ಮ್ಯಾಲ ಪಟ್ಟಿ ಅಂಟಿಸ್ಯಾರೋ ಇಲ್ಲೋ ನೋಡ್ರಿ. ಬಟ್ಟಿ ಎಷ್ಟೇ ಚಲೋ ಇರಲಿ, ಸೂಜಿ ತೂತಿನಾಗ ನೀರು ಇಳೀತೈತಿ. ಚೀಟಿ ಮ್ಯಾಲ 2000 ಎಂಎಂ ಅಂತಿದ್ರ ಅಷ್ಟು ಎತ್ತರದ ನೀರಿನ ಭಾರ ತಡೀತೈತಿ ಅಂತ. ಸಂಖ್ಯೆ ಬರೀಲಾರದ ‘ವಾಟರ್ ಪ್ರೂಫ್’ ಬರೇ ಮಾತು.

ಮಳಿ ಮಾತು ಬಂದಾಗ ಕಂಬಳಿ ಬಿಡಾಕ ಆಗೂದಿಲ್ಲ. ಪ್ಲಾಸ್ಟಿಕ್ ಕೋಟಿನಾಗ ಹೊರಗಿನ ನೀರು ಬರೂದಿಲ್ಲ, ಒಳಗಿನ ಬೆವರು ಹೋಗೂದಿಲ್ಲ. ಮಳಿಯಿಂದ ತೋಯಲಿಲ್ಲಂದ್ರ ಬೆವರಿನಿಂದ ತೋಯ್ತೀವಿ. ಇದಕ್ಕ ಉಪಾಯ ಅಂತ 1969ರಾಗ ಅಮೆರಿಕಾದ ಬಾಬ್ ಗೋರ್ ಸಣ್ಣ ತೂತಿನ ಪದರ ಕಂಡು ಹಿಡಿದ, ಅದೇ ಗೋರ್‌ಟೆಕ್ಸ್ ಆತು. ಚಲೋ ಮಾಲು, ಆದ್ರ ನಮ್ಮ ಕಿಸೆಗೆ ನಿಲುಕೂದಿಲ್ಲ. ನಮ್ಮ ದಖನಿ ಕುರಿ ಉಣ್ಣಿ ತನ್ನ ತೂಕದ ಸುಮಾರು ಮೂರನೇ ಒಂದು ಪಾಲು ಪಸಿ ಹೀರಿದ್ರೂ ಮೈಗೆ ತಂಪು ಹತ್ತೂದಿಲ್ಲ. ಕೊಪ್ಪಿ ಹಾಕ್ಕೊಂಡ್ರ ಕೆಳಗಿಂದ ಗಾಳಿ ಆಡತೈತಿ. ತೋಯ್ದ ಮ್ಯಾಲ ಭಾರ ಆಗತೈತಿ, ಒಣಗಾಕ ಎರಡು ದಿನ ಬೇಕು, ಅದೂ ಖರೆ. ಓಡ್ಯಾಡಿ ಕೆಲಸ ಮಾಡೋನಿಗೆ ರೇನ್ ಕೋಟು, ಕುರಿ ದನ ಕಾಯೋನಿಗೆ ಕಂಬಳಿ. ಕೆಲಸಕ್ಕ ತಕ್ಕ ಬಟ್ಟಿ, ಇಷ್ಟೇ ನನ್ನ ಮಾತು.

‘ಬ್ರಾಂಡಿಗೆ ಗ್ಯಾರಂಟಿ ಇರತೈತಿ ಕಾಕಾ’ ಅಂತ ಹುಡುಗರು ವಾದ ಮಾಡ್ತಾರ. ಇರಲಿ. ಆದ್ರ ಗ್ಯಾರಂಟಿ ಇರೋದು ಬಿಲ್ಲಿನಾಗ, ಚಿತ್ರದಾಗ ಅಲ್ಲ. ಬಿಲ್ಲಿಲ್ಲದ ಬ್ರಾಂಡು ಊರಿಲ್ಲದ ಮನಿಷ್ಯಾ ಇದ್ದಂಗ. ಬಿಲ್ಲು ಇಟ್ಕೊಳ್ರಿ, ಮೋಸ ಆದ್ರ 1915ಕ್ಕ ಫೋನ್ ಹಚ್ರಿ, ಅದು ಗ್ರಾಹಕರ ಸಹಾಯವಾಣಿ.

ಈಗ ಖರೇ ವಿಷಯಕ್ಕ ಬರ್ತೀನಿ. ಬಟ್ಟಿ ಹರಿದ್ರ ಹೋತು, ಜೀವ?

2017ರಾಗ ಮಹಾರಾಷ್ಟ್ರದ ಯವತ್ಮಾಳ ಜಿಲ್ಲಾದಾಗ ಹತ್ತಿಗೆ ಎಣ್ಣಿ ಹೊಡದು 20ಕ್ಕೂ ಹೆಚ್ಚು ರೈತರು, ಕೂಲಿಕಾರರು ಸತ್ತರು. ನಮ್ಮಲ್ಲಿ ಎಣ್ಣಿ ಹೊಡಿಯೋನ ಮೈಮ್ಯಾಲ ಏನಿರತೈತಿ? ಅದೇ ಪುಕ್ಕಟೆ ಟೀ ಶರ್ಟು, ಮುಖಕ್ಕ ಒಂದು ಟವೆಲ್ಲು. ಟವೆಲ್ಲು ಎಣ್ಣಿ ತಡೆಯೂದಿಲ್ಲ, ಹೀರಿಕೊಂಡು ಮೂಗಿಗೇ ಹಿಡೀತೈತಿ. ವಿಷ ಮಾರಿದವನೇ ಅಂಗಿ ಕೊಟ್ಟಾನ, ಆ ಅಂಗಿ ಆ ವಿಷ ತಡೆಯೂದಿಲ್ಲ. ಇದಕ್ಕಿಂತ ದೊಡ್ಡ ಚೇಷ್ಟಿ ಬೇಕೇನು? ಕೈ ಚೀಲ, ಮಾಸ್ಕು ಕೊಡಾಕ ಆಗದವರಿಗೆ ಜಾಹೀರಾತು ಹೊತ್ತು ತಿರುಗೋ ಬೆನ್ನು ಬೇಕು, ಅದು ನಮ್ಮದು.

2024ರ ಡಿಸೆಂಬರದಾಗ ಕೇಂದ್ರ ಸರ್ಕಾರ ಕಿಸಾನ್ ಕವಚ ಅಂತ ಒಂದು ಉಡುಪು ಬಿಡುಗಡೆ ಮಾಡಿತು. ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆ ಒಂದು ಕಂಪನಿ ಕೂಡ ಸೇರಿ ಮಾಡಿದ್ದು. ಬಟ್ಟಿಗೆ ಬಿದ್ದ ಕೀಟನಾಶಕದ ಶಕ್ತಿ ಬಟ್ಟಿಯೊಳಗೇ ಕುಂದಿಸೋ ಹಂಗ ಮಾಡ್ಯಾರ, ಒಗದು ಒಂದು ವರ್ಷ ವಾಪರಿಸಬಹುದು ಅಂತ ಹೇಳ್ಯಾರ. ಬಿಡುಗಡೆ ಆದಾಗ ಬೆಲಿ 4000 ರೂಪಾಯಿ ಇತ್ತು. ವಿಜ್ಞಾನಿಗಳಿಗೆ ಕೈ ಮುಗಿತೀನಿ. ಆದ್ರ ಎರಡು ಎಕರೆಯವನು, ದಿನಗೂಲಿಗೆ ಪಂಪು ಹೊರೋನು 4000 ಎಲ್ಲಿಂದ ತರಬೇಕು?

ಬೂಟಿನ ಮಾತೂ ಅಷ್ಟೇ. ರಾತ್ರಿ ಕರೆಂಟು ಬಂತಂದ್ರ ಕಬ್ಬಿಗೆ ನೀರು ಹಾಯಿಸಾಕ ಹೋಗ್ತೀವಿ. ರವದಿ ಕೆಳಗ ಕೊಳಕಮಂಡಲ ಮಲಗಿರತೈತಿ. 2024ರಾಗ ನಮ್ಮ ರಾಜ್ಯ ಸರ್ಕಾರ ಹಾವು ಕಡಿದದ್ದನ್ನ ಆಸ್ಪತ್ರೆಯವರು ವರದಿ ಮಾಡಲೇಬೇಕು ಅಂತ ಮಾಡಿತು. ಕಡಿದ ಮ್ಯಾಲಿನ ಲೆಕ್ಕ ಆತು. ಕಡೀಲಾರದಂಗ ಮೊಳಕಾಲ ತನಕದ ಒಂದು ಗಮ್ ಬೂಟು ಯಾರು ಕೊಡ್ತಾರ?

ರೈತ ಸಂಪರ್ಕ ಕೇಂದ್ರದಾಗ ಸಬ್ಸಿಡಿಗೆ ತಾಡಪತ್ರಿ ಸಿಗತೈತಿ, ಪಂಪು ಸಿಗತೈತಿ. ಕಾಳು ತೋಯಬಾರದು, ಬೆಳಿಗೆ ಎಣ್ಣಿ ಬೀಳಬೇಕು. ಚಲೋ. ಕಾಳಿಗೆ ತಾಡಪತ್ರಿ ಐತಿ, ಮೈಗೆ ಏನೈತಿ? ಪಂಪಿನ ಜೋಡಿ ಒಂದು ಜೊತಿ ಬೂಟು, ಕೈ ಚೀಲ, ಎಣ್ಣಿ ಹೊಡಿಯೋ ಉಡುಪು ಅದೇ ಸಬ್ಸಿಡಿಯಾಗ ಕೊಡ್ರಿ ಅಂತ ನಾವು ಒಬ್ಬರಾದ್ರೂ ಬರೆದು ಕೇಳೀವೇನು?

ಇನ್ನೊಂದು ಮಾತು. ನಮ್ಮ ಮಗ್ಗಲದಾಗ ರಬಕವಿ-ಬನಹಟ್ಟಿ ಐತಿ, ಮಗ್ಗದ ಸಪ್ಪಳ ಊರ ತುಂಬ ಕೇಳತೈತಿ. ನಮ್ಮದೇ ಬಾಗಲಕೋಟಿ ಜಿಲ್ಲಾದ ತುಳಸಿಗೇರಿಯಾಗ ನೇಯ್ದ ಖಾದಿ ಹುಬ್ಬಳ್ಳಿಯ ಬೆಂಗೇರಿಗೆ ಹೋಗಿ ರಾಷ್ಟ್ರಧ್ವಜ ಆಗತೈತಿ. ಆ ಬಟ್ಟಿಗೆ ಎಳಿ ಎಣಿಸ್ತಾರ, ತೂಕ ಮಾಡ್ತಾರ, ಬಣ್ಣ ಪರೀಕ್ಷಾ ಮಾಡ್ತಾರ, ಮಾಪ ತಪ್ಪಿದ್ರ ವಾಪಸ್. ಅಂದ್ರ ಗಟ್ಟಿ ಬಟ್ಟಿ ನೇಯೋ ಕೈ, ಅದನ್ನ ಅಳಿಯೋ ಪದ್ಧತಿ ಎರಡೂ ನಮ್ಮ ಜಿಲ್ಲಾದಾಗ ಅದಾವ. 2021ರ ಡಿಸೆಂಬರದಾಗ ನಿಯಮ ಬದಲಿ ಮಾಡಿ ಪಾಲಿಯೆಸ್ಟರ್ ಧ್ವಜಕ್ಕೂ ಹಾದಿ ಬಿಟ್ಟರು, ಆ ನೇಕಾರರಿಗೆ ಹೊಡೆತ ಬಿತ್ತು. ನೇಕಾರ ಕೆಲಸ ಹುಡುಕಾಕತ್ತಾನ, ರೈತಗ ಬಟ್ಟಿ ಇಲ್ಲ, ನಡುವ ಯಾರೋ ಸೂರತ್ತಿನ ಜಾಳು ಬಟ್ಟಿ ಮಾರಿ ಹೋಗ್ತಾನ.

ಹಂಗಾಗಿ ನಾನು ಕೇಳೋದು ಇಷ್ಟು. ಹತ್ತು ಹದಿನೈದು ಮಂದಿ ಕೂಡಿ ಒಂದೇ ತಾನು ದಪ್ಪ ಹತ್ತಿ ಬಟ್ಟಿ ನೇಯಿಸೋಣು. ಪೂರ್ಣ ತೋಳು, ಎತ್ತರ ಕಾಲರ, ಬೆನ್ನಿಗೆ ಗಾಳಿ ಸೀಳು, ಮೊಬೈಲಿಗೆ ಮುಚ್ಚಳ ಇರೋ ಬಕ್ಕಣ, ಎರಡು ಸಾಲು ಹೊಲಿಗಿ. ಹೆಣ್ಣುಮಕ್ಕಳಿಗೂ ಅದೇ ಅಳತಿಯಾಗ, ಯಾಕಂದ್ರ ಕಳೆ ತೆಗಿಯೋರು, ಕಬ್ಬು ಹೊರೋರು ಅವರು, ಸೀರಿ ಮ್ಯಾಲ ಗಂಡನ ಹಳೇ ಅಂಗಿ ಹಾಕ್ಕೊಂಡು ಹೋಗೋರೂ ಅವರೇ. ಬೂಟು, ಎಣ್ಣಿ ಉಡುಪಿನ ಬಗ್ಗೆ ಒಂದು ಅರ್ಜಿ ಬರೆದು ಎಲ್ಲರ ಸಹಿ ಹಾಕಿ ಕೃಷಿ ಇಲಾಖೆಗೆ ಕೊಡೋಣು. ಅರ್ಜಿ ನಾನು ಬರೀತೀನಿ, ಸಹಿ ನಿಮ್ಮದು.

ಅಲ್ಲಿತನಕ ಪುಕ್ಕಟೆ ಟೀ ಶರ್ಟು ಯಾರಾದ್ರೂ ಕೊಟ್ರ ಇಸ್ಕೊಳ್ರಿ, ಬ್ಯಾಡನ್ನಬ್ಯಾಡ್ರಿ. ಟ್ರ್ಯಾಕ್ಟರ್ ಒರಸಾಕ ಬರತೈತಿ.