ಮನೆವಾರ್ತೆ: 530 ಎಂದರೆ ಮುನಿಸಲ್ಲ



ಹಾಲು ಒಡೆದರೆ ನಾವು ಮೊದಲು ಬೈಯುವುದು ಹಾಲಿನವನನ್ನು. ಆಮೇಲೆ ನೋಡಿದರೆ ಪಾತ್ರೆಯ ಅಂಚಿನಲ್ಲಿ ನಿನ್ನೆಯ ಮಜ್ಜಿಗೆ ಅಂಟಿಕೊಂಡಿರುತ್ತದೆ! ಈ ಸಲ ಹೇಳಹೊರಟಿರುವುದೂ ಇಂಥದೇ ಸಂಗತಿ. ಆದರೆ ಅಡಿಗೆಮನೆಯದಲ್ಲ, ಕಂಪ್ಯೂಟರಿನದು. "ಅಯ್ಯೋ, ಇದು ನಮಗ್ಯಾಕೆ?" ಎಂದು ಪುಟ ತಿರುವಬೇಡಿ. ಮದುವೆಯ ಫೋಟೋ, ಮಕ್ಕಳ ಸರ್ಟಿಫಿಕೇಟು, ಹಿರಿಯರ ದನಿ ಎಲ್ಲವೂ ಈಗ ಅದರೊಳಗೇ ತಾನೆ ಇರುವುದು? ಬೀರುವಿನ ಬೀಗದ ಕೈ ಇಟ್ಟುಕೊಂಡವಳಿಗೆ ಈ ಬೀಗದ ಗುಟ್ಟೂ ತಿಳಿದಿರಬೇಕು.

ನಮ್ಮ ಮನೆಯ ಉಗ್ರಾಣದಲ್ಲಿ, ಅಕ್ಕಿ ಡಬ್ಬದ ಮೇಲಿನ ಹಲಗೆಯಲ್ಲಿ, ಮಗ ತನ್ನ ಹಳೆಯ ಕಂಪ್ಯೂಟರೊಂದನ್ನು ಇಟ್ಟು ಹೋಗಿದ್ದಾನೆ. ಹಗಲೂ ರಾತ್ರಿ ಆರದೆ ಉರಿಯುವ ನಂದಾದೀಪದ ಹಾಗೆ ಅದು ನಡೆಯುತ್ತಿರುತ್ತದೆ. ಮನೆಯವರು ಯಾವ ಊರಿನಲ್ಲಿದ್ದರೂ ತಮ್ಮ ಕಡತಗಳನ್ನು ಅದಕ್ಕೆ ಕಳಿಸಬಹುದು, ಬೇಕಾದಾಗ ತೆಗೆದುಕೊಳ್ಳಬಹುದು. ಇದಕ್ಕೆ ಮನೆಯ ಸರ್ವರ್ ಅನ್ನುತ್ತಾರೆ. ಹೀಗೆ ಕಡತ ಸಾಗಿಸುವ ಒಂದು ಹಳೆಯ ಪದ್ಧತಿಯೇ ಎಫ್‌ಟಿಪಿ. ಐಐಟಿ ಕಾನ್ಪುರದಲ್ಲಿ ಓದಿ ಅಮೆರಿಕೆಯ ಎಂಐಟಿಗೆ ಹೋದ ಅಭಯ ಭೂಷಣ್ ಅವರು 1971ರಲ್ಲಿ ಇದರ ಮೊದಲ ಬರಹ ಸಿದ್ಧಪಡಿಸಿದರು.

ನಮ್ಮ ಅತ್ತೆಯವರು ತೀರಿಕೊಂಡು ವರ್ಷ ತುಂಬುತ್ತಾ ಬಂದಿತ್ತು. ಅವರು ಹಾಡಿದ ಸಂಪ್ರದಾಯದ ಹಾಡು, ದೇವರನಾಮಗಳ ನಾಲ್ಕು ಕ್ಯಾಸೆಟ್ಟು ಹುಬ್ಬಳ್ಳಿಯಲ್ಲಿರುವ ನನ್ನ ನಾದಿನಿಯ ಹತ್ತಿರ ಇದ್ದವು. ಆಕೆ ಅವನ್ನೆಲ್ಲ ಕಂಪ್ಯೂಟರಿಗೆ ಇಳಿಸಿದಳು. ವರ್ಷದ ತಿಥಿಗೆ ಬರುವ ನೆಂಟರಿಗೆಲ್ಲ ಕೇಳಿಸೋಣವೆಂದು ನಾನೇ ಅವಳಿಗೆ ಹೆಸರು, ಪಾಸ್‌ವರ್ಡ್ ಕೊಟ್ಟೆ. ಸಂಜೆಯೇ ಫೋನು ಬಂತು.

"ಅತ್ತಿಗೆ, ಒಳಗೆ ಬಿಡ್ತಾ ಇಲ್ಲ. 530, ಲಾಗಿನ್ ಇನ್‌ಕರೆಕ್ಟ್ ಅಂತಿದೆ."

"ಸರಿಯಾಗಿ ನೋಡ್ಕೊಂಡು ಹೊಡಿಯಮ್ಮ" ಎಂದೆ. ಹೊಡೆದಳು. ಮತ್ತೆ ಅದೇ ಉತ್ತರ. ನಮ್ಮ ಮನೆಯವರು ಪೇಪರಿನಿಂದ ತಲೆಯೆತ್ತದೆ, "ನೀನೇ ಪಾಸ್‌ವರ್ಡ್ ತಪ್ಪು ಹೇಳಿರ್ತೀಯ" ಎಂದರು. ಎರಡು ದಿನ ಹೀಗೇ ಕಳೆಯಿತು. ಮೂರನೆಯ ದಿನ ನಾದಿನಿಯ ದನಿ ಬದಲಾಗಿತ್ತು. "ಬಿಡಿ ಅತ್ತಿಗೆ. ಅಮ್ಮ ಹೋದ ಮೇಲೆ ಆ ಮನೇಲಿ ನನಗೇನಿದೆ? ಬೇಡ ಅನ್ನೋದಾದ್ರೆ ನೇರವಾಗಿ ಹೇಳಬಹುದಿತ್ತು."

ನನಗೆ ಬಾಯಿ ಒಣಗಿಹೋಯಿತು. ಒಂದು ಯಂತ್ರದ ಮಾತು ಆಕೆಗೆ ತವರಿನ ಮಾತಾಗಿ ಕೇಳಿಸಿತ್ತು! ಅಂದು ರಾತ್ರಿಯೇ ಮಗನನ್ನು ಫೋನಿನಲ್ಲಿ ಹಿಡಿದು ಕೂರಿಸಿದೆ. ಅವನಿಂದ ತಿಳಿದದ್ದನ್ನು ನಿಮಗೂ ಹೇಳುತ್ತೇನೆ.

ಮೊದಲು ಈ 530ರ ಅರ್ಥ. ಎಫ್‌ಟಿಪಿಗೆ 1985ರಲ್ಲಿ ಬಂದ ನಿಯಮಗಳಲ್ಲಿ ಈ ಸಂಖ್ಯೆಗೆ "ಒಳಗೆ ಪ್ರವೇಶವಾಗಿಲ್ಲ" ಎಂದಷ್ಟೇ ಅರ್ಥ. "ನಿಮ್ಮ ಪಾಸ್‌ವರ್ಡ್ ತಪ್ಪು" ಎಂದಲ್ಲ! ಕಾರಣವನ್ನು ಬಿಡಿಸಿ ಹೇಳಿದರೆ ಕಳ್ಳನಿಗೂ ಅನುಕೂಲವಾಗುತ್ತದೆ ನೋಡಿ, ಅದಕ್ಕೇ ಸರ್ವರ್ ಎಲ್ಲಕ್ಕೂ ಒಂದೇ ಮಾತು ಹೇಳಿ ಸುಮ್ಮನಾಗುತ್ತದೆ. ಆದ್ದರಿಂದ ಕರೆ ಎಲ್ಲಿಯವರೆಗೆ ಬಂದು ಎಲ್ಲಿ ನಿಂತಿತು ಎಂಬುದನ್ನು ನಾವೇ ಹುಡುಕಬೇಕು.

ಒಂದು: ಕರೆ ಗೇಟಿನವರೆಗಾದರೂ ಬಂತೇ? "ಕನೆಕ್ಷನ್ ರೆಫ್ಯೂಸ್ಡ್" ಅಥವಾ "ಟೈಮ್ಡ್ ಔಟ್" ಎಂದು ಬಂದರೆ ಪಾಸ್‌ವರ್ಡಿನ ಗೊಡವೆಗೇ ಹೋಗಬೇಡಿ. ಕರೆಂಟು ಹೋಗಿ ಬಂದ ಮೇಲೆ ಸರ್ವರ್ ಎದ್ದಿದೆಯೇ, ರೌಟರು ಅದಕ್ಕೆ ಬೇರೆ ವಿಳಾಸ ಕೊಟ್ಟಿದೆಯೇ, ಹೊರಗಿನ ಕರೆಗೆ 21ನೆಯ ಪೋರ್ಟಿನ ದಾರಿ ಬಿಟ್ಟಿದೆಯೇ ನೋಡಿ. ಮನೆಯೊಳಗೆ ನಡೆದು ಪರ ಊರಿನಿಂದ ನಡೆಯದಿದ್ದರೆ ಇನ್ನೊಂದು ಕಾರಣವೂ ಉಂಟು. ಇಂಟರ್‌ನೆಟ್ ಕಂಪನಿಯವರು ಎಷ್ಟೋ ಕಡೆ ಹಲವು ಮನೆಗಳಿಗೆ ಒಂದೇ ವಿಳಾಸ ಹಂಚಿರುತ್ತಾರೆ. ಆಗ ಹೊರಗಿನ ಕರೆ ನಮ್ಮ ಮನೆ ಯಾವುದೆಂದು ತಿಳಿಯದೆ ನಿಂತುಬಿಡುತ್ತದೆ. ಪ್ರತ್ಯೇಕ ವಿಳಾಸ ಬೇಕೆಂದು ಅವರನ್ನೇ ಕೇಳಬೇಕು.

ಎರಡು: ಪಾಸ್‌ವರ್ಡ್ ಕೇಳುವ ಮೊದಲೇ ಬೇಡವೆಂದಿತೇ? ಹೆಸರು ಹೇಳಿದ ಕೂಡಲೆ 331 ಬಂದರೆ "ಆಯ್ತು, ಪಾಸ್‌ವರ್ಡ್ ಹೇಳಿ" ಎಂದರ್ಥ. ಅದು ಬಾರದೆ ನೇರವಾಗಿ 530 ಬಂದರೆ, ಹೆಸರಿನ ಪಟ್ಟಿಯಲ್ಲೋ ಸರ್ವರಿನ ನಿಯಮಗಳಲ್ಲೋ ತೊಡಕಿದೆ. ಲಿನಕ್ಸ್ ಮನೆಗಳಲ್ಲಿ ಬಳಸುವ ವಿಎಸ್‌ಎಫ್‌ಟಿಪಿಡಿ ಎಂಬ ಸರ್ವರಿನಲ್ಲಿ ಯೂಸರ್‌ಲಿಸ್ಟ್ ಎಂಬ ಪಟ್ಟಿ ಇರುತ್ತದೆ. ಒಂದೇ ಒಂದು ಸಾಲು ಬದಲಾದರೆ "ಇವರನ್ನು ಬಿಡಬೇಡಿ" ಎಂಬ ಪಟ್ಟಿ "ಇವರನ್ನು ಮಾತ್ರ ಬಿಡಿ" ಎಂದಾಗುತ್ತದೆ. ಅದನ್ನು ಪರೀಕ್ಷಿಸಿ. ಸರ್ವರಿನ ನಿಯಮಗಳಲ್ಲಿ "ಲೋಕಲ್ ಎನೇಬಲ್" ಎಂಬಲ್ಲಿ "ಯೆಸ್" ಇದೆಯೇ ಎಂಬುದನ್ನೂ ನೋಡಿ.

ಮೂರು: ಪಾಸ್‌ವರ್ಡ್ ಕೊಟ್ಟ ಮೇಲೆ 530 ಬಂತೇ? ಸಣ್ಣ ತಪ್ಪುಗಳನ್ನು ಮೊದಲು ನೋಡಿ. ವಾಟ್ಸಪ್ಪಿನಿಂದ ನಕಲು ಮಾಡುವಾಗ ಕೊನೆಗೊಂದು ಖಾಲಿ ಜಾಗ ಅಂಟಿಕೊಂಡು ಬಂದೀತು. ಲಿನಕ್ಸಿಗೆ ಇಂಗ್ಲಿಷಿನ ದೊಡ್ಡಕ್ಷರ ಬೇರೆ, ಸಣ್ಣಕ್ಷರ ಬೇರೆ. ಫೈಲ್‌ಜಿಲ್ಲಾದಂಥ ತಂತ್ರಾಂಶ ಹಳೆಯ ಪಾಸ್‌ವರ್ಡನ್ನೇ ನೆನಪಿಟ್ಟುಕೊಂಡು ತಾನಾಗಿ ಹೇಳುತ್ತಿರಬಹುದು. ಹೊಸ ಪಾಸ್‌ವರ್ಡ್ ಇಟ್ಟು ಕೈಯಾರೆ ಒತ್ತಿ ನೋಡಿ. ಆಗಲೂ 530 ಎಂದರೆ ತಪ್ಪು ಒತ್ತಿದವರದಲ್ಲ, ಕಾರಣ ಬೇರೆಲ್ಲೋ ಇದೆ. ಎಫ್‌ಟಿಪಿಯೂಸರ್ಸ್ ಎಂಬ ನಿಷೇಧದ ಪಟ್ಟಿಯಲ್ಲಿ ಆ ಹೆಸರಿದೆಯೇ? ಯಂತ್ರದ ಯಜಮಾನನಾದ "ರೂಟ್" ಆ ಪಟ್ಟಿಯಲ್ಲಿರುವುದು ವಾಡಿಕೆ, ಇರಲೂಬೇಕು.

ನಾಲ್ಕು: "500 ಊಪ್ಸ್" ಎಂದು ಬಂತೇ? ಪಾಸ್‌ವರ್ಡ್ ಸರಿಯಾಗಿಯೇ ಇದೆ. ಬಂದವರನ್ನು ಒಂದೇ ಕೋಣೆಗೆ ಕಟ್ಟಿಹಾಕುವ ನಿಯಮವಿದ್ದು, ಆ ಕೋಣೆಯಲ್ಲೇ ಬರೆಯುವ ಅಧಿಕಾರವನ್ನೂ ಕೊಟ್ಟರೆ ವಿಎಸ್‌ಎಫ್‌ಟಿಪಿಡಿ ಅಪಾಯವೆಂದು ಹಿಂದೆಗೆಯುತ್ತದೆ. ಹೊರ ಫೋಲ್ಡರಿನಿಂದ ಬರೆಯುವ ಅಧಿಕಾರ ತೆಗೆದು, ಅದರೊಳಗೆ ಇನ್ನೊಂದು ಫೋಲ್ಡರ್ ಮಾಡಿ ಅಲ್ಲಿ ಕೊಡಿ.

ಐದು: 230 ಬಂದ ಮೇಲೂ ಕಡತಗಳ ಪಟ್ಟಿ ಕಾಣದೇ? ಒಳಗೆ ಬಂದಾಗಿದೆ. ಪಟ್ಟಿ ಸಾಗಿಸುವ ಪ್ಯಾಸಿವ್ ಪೋರ್ಟುಗಳನ್ನು ರೌಟರು ತಡೆಯುತ್ತಿದೆ ಅಷ್ಟೆ.

ಇಷ್ಟಕ್ಕೂ ಗೊತ್ತಾಗದಿದ್ದರೆ ಸರ್ವರಿನ ದಿನಚರಿ ಓದಿ. ಅದನ್ನು ಲಾಗ್ ಎನ್ನುತ್ತಾರೆ. ಯಾರು, ಯಾವ ಹೊತ್ತಿಗೆ, ಯಾವ ವಿಳಾಸದಿಂದ ಬಂದು ಹಿಂದಿರುಗಿದರು ಎಂಬುದೆಲ್ಲ ಅಲ್ಲಿರುತ್ತದೆ. ನಾದಿನಿ ಬಾಗಿಲು ತಟ್ಟಿದ ಅಷ್ಟೂ ಸಲದ ದಾಖಲೆ ನನಗೆ ಅಲ್ಲೇ ಸಿಕ್ಕಿತು. ಓದುವಾಗ ಹೊಟ್ಟೆಯಲ್ಲಿ ಹೇಗೋ ಆಯಿತು.

ನಮ್ಮಲ್ಲಿ ಆದದ್ದಿಷ್ಟು. ಮಗ ಭದ್ರತೆಗೆಂದು ಅತ್ತೆಯ ಮಗಳ ಹೆಸರಿನ ಖಾತೆಗೆ "ನೋಲಾಗಿನ್" ಎಂಬ ಶೆಲ್ ಹಾಕಿದ್ದ. ಖಾತೆಯ ಶೆಲ್ ಒಪ್ಪಿತ ಶೆಲ್‌ಗಳ ಪಟ್ಟಿಯಲ್ಲಿದೆಯೇ ಎಂದು ಬಾಗಿಲಿನ ನಿಯಮ ನೋಡುತ್ತದೆ. ಅದರಲ್ಲಿ ಇಲ್ಲದ್ದರಿಂದ ಸರಿಯಾದ ಪಾಸ್‌ವರ್ಡಿಗೂ 530! ನಾದಿನಿಯ ಬೆರಳೂ ತಪ್ಪಿರಲಿಲ್ಲ, ನನ್ನ ನೆನಪೂ ತಪ್ಪಿರಲಿಲ್ಲ. ಇದನ್ನು ಕೇಳಿ ನಮ್ಮ ಮನೆಯವರು ಮತ್ತೆ ಪೇಪರು ಹಿಡಿದುಕೊಂಡರೆನ್ನಿ!

ಬೇಸರದಲ್ಲಿ ಮಾಡಬಾರದ್ದನ್ನೂ ಹೇಳಿಬಿಡುತ್ತೇನೆ. ಎಲ್ಲ ಫೋಲ್ಡರಿಗೂ 777 ಎಂದು ಅಧಿಕಾರ ಕೊಡುವುದು, ಫೈರ್‌ವಾಲನ್ನೇ ಆರಿಸುವುದು, ರೂಟಿನ ಪಾಸ್‌ವರ್ಡ್ ಹಂಚುವುದು, ಮೂರೂ ಬೇಡ. ಬೀಗ ಬಿಗಿಯಾಯಿತೆಂದು ಯಾರಾದರೂ ಬಾಗಿಲನ್ನೇ ಕಿತ್ತು ಇಡುತ್ತಾರೆಯೇ? ಇನ್ನೊಂದು ಮುಖ್ಯ ಮಾತು: ಬರಿಯ ಎಫ್‌ಟಿಪಿಯಲ್ಲಿ ಪಾಸ್‌ವರ್ಡ್ ಅಂಚೆ ಕಾರ್ಡಿನ ಬರಹದಂತೆ ತೆರೆದುಕೊಂಡೇ ಹೋಗುತ್ತದೆ. ಕ್ರೋಮ್, ಫೈರ್‌ಫಾಕ್ಸ್ ಎರಡೂ 2021ರಲ್ಲಿ ಅದನ್ನು ಕೈಬಿಟ್ಟವು. ಪರ ಊರಿನಿಂದ ಕಳಿಸುವುದಾದರೆ ಎಸ್‌ಎಫ್‌ಟಿಪಿ ಬಳಸಿ. ಅದು ಮುಚ್ಚಿದ ಲಕೋಟೆ. ಸಾಮಾನ್ಯವಾಗಿ 22ನೆಯ ಪೋರ್ಟಿನಲ್ಲಿ ನಡೆಯುತ್ತದೆ. ಮಗ ನಾದಿನಿಯ ಖಾತೆಗೆ ಅದನ್ನೇ ಮಾಡಿಕೊಟ್ಟ, ಒಂದೇ ಫೋಲ್ಡರಿಗೆ.

ಮರುದಿನ ಬೆಳಿಗ್ಗೆ ನಾನೇ ಫೋನು ಮಾಡಿದೆ. "ಬಾಗಿಲು ಹಾಕಿದ್ದು ಯಂತ್ರ ಕಣಮ್ಮ, ನಾವಲ್ಲ. ಇನ್ನೊಂದು ಸಲ ನೋಡು" ಎಂದೆ. ಮಧ್ಯಾಹ್ನದ ಹೊತ್ತಿಗೆ ಹಾಡುಗಳೆಲ್ಲ ಬಂದಿದ್ದವು. ಮೊದಲನೆಯದನ್ನು ಹಾಕಿದರೆ, ಹಾಡಿಗೆ ಮುಂಚೆ ಅತ್ತೆಯವರ ದನಿ: "ಹೊಸಿಲು ದಾಟಿ ಒಳಗೆ ಬಾರೇ ಮಗು, ಅಲ್ಲೇ ಯಾಕೆ ನಿಂತೆ?" ಯಾರಿಗೆ ಹೇಳಿದ್ದೋ ಏನೋ. ನಾದಿನಿ ಫೋನಿನ ಆ ಕಡೆ ಅತ್ತಳು, ಈ ಕಡೆ ನಾನೂ ಕಣ್ಣೊರೆಸಿಕೊಂಡೆ.

ತಿಥಿಗೆ ಎರಡು ದಿನ ಮೊದಲೇ ಬಂದಳು. ಉಗ್ರಾಣಕ್ಕೆ ಕರೆದೊಯ್ದು ಆ ಪೆಟ್ಟಿಗೆ ತೋರಿಸಿ, ಲಾಗ್ ಓದುವುದನ್ನು ಅವಳಿಗೂ ಕಲಿಸಿದ್ದೇನೆ. ನಿಮ್ಮ ಮನೆಯಲ್ಲೂ ಇಂಥ ತೊಡಕು ಬಂದಿದ್ದರೆ ಬರೆದು ತಿಳಿಸಿ. ಪಾಸ್‌ವರ್ಡನ್ನು ಮಾತ್ರ ಕಾಗದದಲ್ಲಿ ಬರೆಯಬೇಡಿ!