ಹೊಳೆ ದಾಟಿದ ಮೇಲೆ

ಸೋಮವಾರ ರಾತ್ರಿ ಟಿ.ವಿ. ಸುದ್ದಿ ನೋಡುತ್ತಾ ಬೀನ್ಸ್ ಬಿಡಿಸ್ತಿದ್ದೆ. ಪಕ್ಕದಲ್ಲಿದ್ದ ಅತ್ತೆ ಥಟ್ಟನೆ ಕೇಳಿದರು, "ಇದೇನೇ, ಮಿಲಿಟರಿ ಗಾಡಿಗೆ ಆಲೂಗಡ್ಡೆ ಹೊಡೀತಿದಾರೆ?"

ನೀವೂ ನೋಡಿರಬಹುದು. ಅದು ಉತ್ತರ ಸಿರಿಯಾದ ಕಾಮಿಶ್ಲಿ. ಊರು ಬಿಟ್ಟು ಹೊರಟಿದ್ದ ಅಮೆರಿಕದ ಸೈನಿಕರ ಮೇಲೆ ಕುರ್ದ್ ಜನ ಆಲೂಗಡ್ಡೆ ಎಸೆಯುತ್ತಿದ್ದರು.

"ಶತ್ರುಗಳಾ?"

"ಅಲ್ಲ ಅತ್ತೆ, ಸ್ನೇಹಿತರು!"

ಅವರಿಗೆ ಹೇಳುತ್ತಾ ಹೇಳುತ್ತಾ ನನಗೂ ಕಥೆ ಸ್ಪಷ್ಟವಾಯಿತು. ಸಿರಿಯಾದಲ್ಲಿ ಐಸಿಸ್ ಉಗ್ರರನ್ನು ಸೋಲಿಸಲು ಅಮೆರಿಕ ವಿಮಾನ, ಶಸ್ತ್ರ ಕೊಟ್ಟಿತು. ನೆಲದ ಮೇಲೆ ನಿಂತು ಹೋರಾಡಿದ್ದು ಕುರ್ದರ ಮುಂದಾಳತ್ವದ ಪಡೆ. ಅವರೇ ಹೇಳುವ ಲೆಕ್ಕದಲ್ಲಿ ಸತ್ತವರು ಸುಮಾರು 11,000. ಆದರೆ ಗಡಿಯಾಚೆಗಿನ ಟರ್ಕಿಯೂ ಅಮೆರಿಕದ ಮಿತ್ರನೇ, 1952ರಿಂದ ನೇಟೋ ಸದಸ್ಯ. ಅದಕ್ಕೆ ಈ ಪಡೆ ಕಂಡರಾಗದು. ಟರ್ಕಿಯ ಸಿಟ್ಟಿಗೂ ಕಾರಣವಿದೆ ಅನ್ನಿ. 1984ರಿಂದ ಕುರ್ದ್ ಬಂಡುಕೋರರ ಪಿಕೆಕೆ ಜೊತೆ ನಡೆದ ಕಾದಾಟದಲ್ಲಿ ಸುಮಾರು 40,000 ಜನ ಸತ್ತಿದ್ದಾರೆ. ಸಿರಿಯಾದವರೂ ಅದೇ ಬಳ್ಳಿಯ ಕಾಯಿ ಅನ್ನೋದು ಅವರ ವಾದ. ಮೇಲಿಂದ 2019ರಲ್ಲಿ 36 ಲಕ್ಷ ಸಿರಿಯನ್ ನಿರಾಶ್ರಿತರ ಹೊರೆ ಬೇರೆ ಇತ್ತು.

ಹಾಗಾಗಿ "ಗಡಿ ದಾಟ್ತೀವಿ" ಅಂತ ಟರ್ಕಿ ಬೆದರಿಸುತ್ತಲೇ ಇತ್ತು. ಆಗಸ್ಟ್‌ನಲ್ಲಿ ಅಮೆರಿಕ ನಡುವೆ ನಿಂತು ರಾಜಿ ಮಾಡಿಸಿತು. ಆ ಮಾತು ನಂಬಿ ಕುರ್ದರು ಗಡಿಯಲ್ಲಿ ತಾವು ಕಟ್ಟಿದ್ದ ರಕ್ಷಣಾ ನೆಲೆಗಳನ್ನು ತಾವೇ ಕೆಡವಿದರು! ಅಕ್ಟೋಬರ್ 6ರಂದು ಟ್ರಂಪ್ ಮತ್ತು ಎರ್ಡೊಗಾನ್ ಫೋನಿನಲ್ಲಿ ಮಾತಾಡಿದರು. ಮರುದಿನ ಅಮೆರಿಕದ ಸೈನಿಕರು ಗಡಿಯಿಂದ ಸರಿದರು. 9ಕ್ಕೆ ಟರ್ಕಿ ಸೇನೆ ನುಗ್ಗಿತು.

"ನುಗ್ಗು ಅಂತ ಟ್ರಂಪ್ ಹೇಳಿದ್ನಾ?"

"ಇಲ್ಲ, ನಮ್ಮ ಬೆಂಬಲ ಇಲ್ಲ ಅಂದ್ರು. ಸೈನಿಕರನ್ನ ಪಕ್ಕಕ್ಕೆ ಸರಿಸಿದ್ರು, ಅಷ್ಟೇ."

"ಬಾಗಿಲು ತೆಗೆದಿಟ್ಟು ಬರಬೇಡ ಅಂದ ಹಾಗಾಯ್ತು."

ಅತ್ತೆ ಓದಿದ್ದು ನಾಲ್ಕನೇ ಕ್ಲಾಸು. ನಾನು ವಾರವಿಡೀ ಓದಿದ ವಿಶ್ಲೇಷಣೆಗಳೆಲ್ಲ ಈ ಒಂದು ಮಾತಿನಲ್ಲಿ ಬಂದುಬಿಟ್ಟಿತು. ಮಿತ್ರನನ್ನು ತಡೆಯೋಕೆ ಯುದ್ಧ ಮಾಡಬೇಕಿರಲಿಲ್ಲ. ನಿಂತಲ್ಲೇ ನಿಂತಿದ್ದರೆ ಸಾಕಿತ್ತು. ಆಮೇಲೆ ಆರ್ಥಿಕ ನಿರ್ಬಂಧ ಹೇರಿದ್ದು, 17ರಂದು ಆಗಿನ ಉಪಾಧ್ಯಕ್ಷ ಪೆನ್ಸ್ ಅಂಕಾರಾಕ್ಕೆ ಓಡಿ ಐದು ದಿನದ ಕದನವಿರಾಮ ತಂದದ್ದು ಎಲ್ಲ ಆಯಿತು. ಅಷ್ಟರಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ಮಕ್ಕಳುಮರಿ ಕಟ್ಟಿಕೊಂಡು ಮನೆ ಬಿಟ್ಟಿದ್ದರು.

ಹೊಳೆ ದಾಟಿದ ಮೇಲೆ ಅಂಬಿಗನ ಹಂಗ್ಯಾಕೆ ಅಂತೀವಲ್ಲ, ದಾಟಿದವರು ಅವರ ದಾರಿ ಹಿಡೀತಾರೆ. ಅಂಬಿಗನ ಮನೆ ಇರೋದು ಆ ದಡದಲ್ಲೇ. ಅವನೆಲ್ಲಿಗೆ ಹೋಗಬೇಕು?

ಟಿ.ವಿ. ಆರಿಸಿ ಎದ್ದೆ. ಅತ್ತೆ ಇನ್ನೂ ಅದೇ ಗುಂಗಿನಲ್ಲಿದ್ದರು. "ತಿನ್ನೋ ಪದಾರ್ಥ ಬೀದಿಗೆ ಎಸೀಬೇಕಾದ್ರೆ, ಆ ಜನಕ್ಕೆ ಎಷ್ಟು ಹೊಟ್ಟೆ ಉರಿದಿರಬೇಕೇ..."