ಅಗ್ಗದ ಬೆಲೆಯೂ ನ್ಯಾಯದ ಬೆಲೆಯೂ

ಐರ್ಲೆಂಡಿನಲ್ಲಿ ನೆಲೆಸಿರುವ ನಮ್ಮಲ್ಲಿ ಮನೆಯಿಂದಲೇ ಸಣ್ಣ ಆನ್‌ಲೈನ್ ವ್ಯಾಪಾರ ನಡೆಸುವವರು ಇದ್ದಾರೆ. ಒಬ್ಬರು ಸೀರೆ ಮಾರುತ್ತಾರೆ, ಇನ್ನೊಬ್ಬರು ಹಬ್ಬದ ತಿಂಡಿಗೆ ಆರ್ಡರ್ ಪಡೆಯುತ್ತಾರೆ, ಮತ್ತೊಬ್ಬರು ಸಂಗೀತ ಪಾಠ ಹೇಳುತ್ತಾರೆ. ಇಂಥ ವ್ಯಾಪಾರಕ್ಕೂ ಲೋಗೋ ಬೇಕು, ಜಾಲತಾಣ ಬೇಕು, ಲೆಕ್ಕಪತ್ರ ನೋಡುವವರು ಬೇಕು. ಈ ದೇಶದಲ್ಲಿ ಕನಿಷ್ಠ ವೇತನವೇ 2026ರ ಜನವರಿ 1ರಿಂದ ಗಂಟೆಗೆ 14.15 ಯೂರೋ. ಆದ್ದರಿಂದ ಕಣ್ಣು ಸಹಜವಾಗಿಯೇ ಮೈಸೂರು, ಹುಬ್ಬಳ್ಳಿ, ಮಂಗಳೂರುಗಳ ಫ್ರೀಲ್ಯಾನ್ಸರುಗಳ ಕಡೆಗೆ ಹೊರಳುತ್ತದೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಆ ಅಗ್ಗ ಎಲ್ಲಿಂದ ಬರುತ್ತದೆ ಎಂಬುದನ್ನು ಕೇಳಿಕೊಳ್ಳುವ ಹೊಣೆ ನಮ್ಮದು ಎಂಬುದು ನಮ್ಮ ಅಭಿಪ್ರಾಯ.

ಕಡಿಮೆ ಖರ್ಚಿನ ನಾಡಿಗೆ ಕೆಲಸ ಕಳುಹಿಸುವ ಪದ್ಧತಿಯನ್ನು ಐರ್ಲೆಂಡ್ ಇನ್ನೊಂದು ದಡದಲ್ಲಿ ನಿಂತು ಕಂಡಿದೆ. 1980ರ ದಶಕದ ಕೊನೆಯಲ್ಲಿ ನ್ಯೂಯಾರ್ಕ್ ಲೈಫ್ ಎಂಬ ಅಮೆರಿಕದ ವಿಮಾ ಸಂಸ್ಥೆ ಕೆರ್ರಿ ಕೌಂಟಿಯ ಕ್ಯಾಸಲ್‌ಐಲೆಂಡ್ ಎಂಬ ಪುಟ್ಟ ಊರಿನಲ್ಲಿ ಕಚೇರಿ ತೆರೆಯಿತು. ಅಮೆರಿಕನ್ನರ ವಿಮಾ ಅರ್ಜಿಗಳು ವಿಮಾನದಲ್ಲಿ ಶ್ಯಾನನ್‌ಗೆ ಬಂದಿಳಿದು, ಅಲ್ಲಿಂದ ರಸ್ತೆಯ ಮೂಲಕ ಆ ಊರನ್ನು ಸೇರುತ್ತಿದ್ದವು. ಅಂದು ಅಗ್ಗವಾಗಿದ್ದದ್ದು ಐರಿಷ್ ದುಡಿಮೆ. ಆದರೂ ಅವರಿಗೆ ತಿಂಗಳ ಸಂಬಳವಿತ್ತು, ದುಡಿಮೆಗೆ ಕಾನೂನಿನ ರಕ್ಷಣೆಯಿತ್ತು. ಇಂದು ನಮ್ಮ ಲೋಗೋ ಬಿಡಿಸುವ ಧಾರವಾಡದ ಹುಡುಗಿಗೆ ಈ ಎರಡೂ ಇಲ್ಲ. ಅವಳಿಗಿರುವುದು ನಮ್ಮ ಮಾತು ಮಾತ್ರ.

ಅಗ್ಗದಲ್ಲಿ ಎರಡು ಬಗೆ. ಊರಿನ ಬಾಡಿಗೆ, ದಿನಸಿ, ಬಸ್ಸಿನ ಖರ್ಚು ಡಬ್ಲಿನ್ನಿಗಿಂತ ಕಡಿಮೆಯಾದ್ದರಿಂದ ಬರುವ ಅಗ್ಗ ಒಂದು. ಅದು ಕೊಡುವವರಿಗೂ ಕೊಳ್ಳುವವರಿಗೂ ಹಿತ. ಲೆಕ್ಕಕ್ಕೆ ಬಾರದ ದುಡಿಮೆಯಿಂದ ಹಿಂಡಿ ತೆಗೆಯುವ ಅಗ್ಗ ಇನ್ನೊಂದು. ಏಳನೆಯ ಸಲ ಬಣ್ಣ ಬದಲಿಸಿ ಎನ್ನುವುದು, ಹಣವನ್ನು ಮುಂದಿನ ತಿಂಗಳಿಗೆ ದೂಡುವುದು ಈ ಎರಡನೆಯ ಬಗೆ. ಚಳಿಗಾಲದಲ್ಲಿ ಇಲ್ಲಿ ಸಂಜೆ ಏಳು ಗಂಟೆಗೆ ನಾವು ಕರೆ ಮಾಡಿದರೆ ಅಲ್ಲಿ ರಾತ್ರಿ ಹನ್ನೆರಡೂವರೆ. ಆ ನಿದ್ದೆಗೆಟ್ಟ ಗಂಟೆ ಯಾವ ಬಿಲ್ಲಿನಲ್ಲೂ ಕಾಣುವುದಿಲ್ಲ. ಫೈವರ್‌ನಂಥ ವೇದಿಕೆಯ ಮೂಲಕ ಕೆಲಸ ಕೊಟ್ಟರೆ ಮಾಡಿದವರ ಗಳಿಕೆಯಲ್ಲಿ ನೂರಕ್ಕೆ ಇಪ್ಪತ್ತು ವೇದಿಕೆಗೇ ಹೋಗುತ್ತದೆ. ಹಣ ರೂಪಾಯಿಯಾಗುವಾಗ ಇನ್ನಷ್ಟು ಕರಗುತ್ತದೆ. ನಾವು ಚೌಕಾಸಿ ಮಾಡುವುದು ಉಳಿದ ಆ ಪಾಲಿನ ಮೇಲೆ.

ಕನ್ನಡಿಗರ ನಡುವೆ ಇದಕ್ಕೆ ಮತ್ತೊಂದು ಎಳೆ ಸೇರುತ್ತದೆ. ‘ನಮ್ಮವರೇ ಅಲ್ಲವೇ, ಸ್ವಲ್ಪ ನೋಡಿ ಮಾಡಿಕೊಡಪ್ಪ’ ಎಂಬ ಸಲಿಗೆಯ ಮಾತು ಎಷ್ಟೋ ವೇಳೆ ಬೆಲೆ ಇಳಿಸುವ ಸಾಧನವಾಗುತ್ತದೆ. ದೊಡ್ಡಪ್ಪನ ಮಗನ ಗೆಳೆಯನಾದ ಕಾರಣಕ್ಕೆ ಆ ಹುಡುಗ ದುಡ್ಡು ಕೇಳಲು ಸಂಕೋಚಪಡುತ್ತಾನೆ. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂಬ ಗಾದೆ ಅಲ್ಲಿ ನಿಜವಾಗುತ್ತದೆ. ಭಾಷೆಯ ಬಾಂಧವ್ಯ ಕೆಲಸವನ್ನು ಸುಲಭಗೊಳಿಸಲಿ, ಕೂಲಿಯನ್ನು ಕರಗಿಸದಿರಲಿ.

ಕಾನೂನಿನ ಮಾತನ್ನೂ ಮರೆಯುವಂತಿಲ್ಲ. ಇಲ್ಲಿ ಓದಲು ಬಂದಿರುವ ನಮ್ಮ ವಿದ್ಯಾರ್ಥಿಗಳಿಂದ ಫ್ರೀಲ್ಯಾನ್ಸ್ ಕೆಲಸ ಮಾಡಿಸಿಕೊಳ್ಳುವ ಮುನ್ನ ಎರಡು ಸಲ ಯೋಚಿಸಬೇಕು. ಸ್ಟ್ಯಾಂಪ್ 2 ಪರವಾನಗಿಯವರು ಸ್ವಂತ ಉದ್ಯೋಗ ನಡೆಸುವಂತಿಲ್ಲ; ನಮ್ಮ ಉಳಿತಾಯಕ್ಕಾಗಿ ಅವರ ವಾಸದ ಹಕ್ಕು ಅಪಾಯಕ್ಕೆ ಸಿಲುಕಬಾರದು. ಗ್ರಾಹಕರ ಹೆಸರು, ವಿಳಾಸಗಳ ಪಟ್ಟಿಯನ್ನು ಊರಿನವರಿಗೆ ವಾಟ್ಸ್ಆ್ಯಪ್‌ನಲ್ಲಿ ಸುಮ್ಮನೆ ಕಳುಹಿಸಿಬಿಡುವುದೂ ಸಲ್ಲದು. 2018ರ ಮೇ 25ರಿಂದ ಜಾರಿಯಲ್ಲಿರುವ ಜಿಡಿಪಿಆರ್ ನಿಯಮದಂತೆ ಆ ಮಾಹಿತಿಯ ಹೊಣೆ ವ್ಯಾಪಾರಿಯದೇ. ಯೂರೋಪಿನ ಹೊರಗೆ ಅದನ್ನು ಕಳುಹಿಸಲು ತಕ್ಕ ಒಪ್ಪಂದ ಬೇಕು.

‘ನಮಗೇ ಲಾಭವಿಲ್ಲ, ಉದಾರವಾಗಿರುವುದು ಹೇಗೆ?’ ಎಂದು ಕೆಲವರು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಕೈಯಲ್ಲಿ ಹಣ ಕಡಿಮೆಯಿದ್ದರೆ ಕೆಲಸವನ್ನು ಕಡಿಮೆ ಮಾಡೋಣ, ಕೂಲಿಯನ್ನಲ್ಲ. ಹತ್ತು ಪುಟಗಳ ಜಾಲತಾಣದ ಬದಲು ಮೂರು ಪುಟ ಸಾಕು. ಬೇಕಾದುದನ್ನು ಮೊದಲೇ ಬರೆದು ಕೊಟ್ಟರೆ ತಿದ್ದುಪಡಿಯೂ ಕಡಿಮೆಯಾಗುತ್ತದೆ, ಖರ್ಚೂ ಕಡಿಮೆಯಾಗುತ್ತದೆ.

ನಮ್ಮ ಸಂಘಕ್ಕೆ ಒಂದು ಸಲಹೆ. ಕನ್ನಡದಲ್ಲಿ ಒಂದೇ ಪುಟದ ಒಪ್ಪಂದದ ಮಾದರಿಯನ್ನು ಸಿದ್ಧಪಡಿಸಿ ಸದಸ್ಯರ ಕೈಗಿಡೋಣ. ಕೆಲಸ ಏನು, ತಿದ್ದುಪಡಿ ಎಷ್ಟು ಸಲ, ಕರೆ ಮಾಡುವ ಹೊತ್ತು ಯಾವುದು, ಮುಂಗಡ ಎಷ್ಟು, ಉಳಿದ ಹಣ ಯಾವ ದಿನ ಎಂಬ ಐದು ಸಾಲು ಅದರಲ್ಲಿದ್ದರೆ ಸಾಕು. ವ್ಯಾಪಾರಿಗಳ ನಡುವಿನ ಬಾಕಿಗೆ, ಬೇರೆ ಒಪ್ಪಂದವಿಲ್ಲದಿದ್ದರೆ, ಈ ದೇಶದ ಕಾನೂನು 30 ದಿನಗಳ ಗಡುವು ಇಟ್ಟಿದೆ. ಇಲ್ಲಿನ ಸಂಸ್ಥೆಗಳಿಂದ ನಾವು ಬಯಸುವ ಆ ಶಿಸ್ತನ್ನು ಊರಿನವರಿಗೂ ತೋರಿಸೋಣ. ರಾಜ್ಯೋತ್ಸವದ ಪೋಸ್ಟರಿಗೆ ಊರಿನ ಕಲಾವಿದರನ್ನು ಕೇಳುವಾಗ, ಶುಭಾಶಯಕ್ಕೆ ಮುಂಚೆ ಅವರ ದರವನ್ನು ಕೇಳೋಣ.